ಏಳನೆಯ ಮೂಲೆ

ವಾಪಸು ದಾರಿ, ಮುಂದಿನ ಲಾರಿಯ ಟಾರ್ಪಾಲಿನ ಒಂದು ತುದಿ ಹಗ್ಗ ಬಿಚ್ಚಿಕೊಂಡು ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿದೆ, ಬಡಿದು ಬಡಿದು ಒಂದಿಷ್ಟು ಹೊತ್ತು ಸುಮ್ಮನಾಗುತ್ತದೆ, ಮತ್ತೆ ಶುರು, ದಾಟಿ ಹೋಗಬೇಕು, ಹೋಗಲೋ ಬೇಡವೋ, ಎದುರಿಗೆ ದೂರದಲ್ಲಿ ಒಂದು ಬಸ್ಸು, ಬಿಸಿಲಿಗೆ ರಸ್ತೆಯ ಮೇಲೆ ನೀರು ನಿಂತ ಹಾಗೆ ಕಾಣುವ ಆ ಸುಳ್ಳು ಹೊಳಪು, ಡ್ರೈವಿಂಗ್ ಕಲಿಸಿದವನು ಹೇಳುತ್ತಿದ್ದ, ಅಮ್ಮಾ, ಯೋಚನೆ ಬಂತು ಅಂದ್ರೆ ಓವರ್‌ಟೇಕ್ ಬೇಡ, ನಿಮ್ಮ ಪಾಡಿಗೆ ನೀವು ಹಿಂದೆ ಇರಿ, ಹಿಂದೆ ಇದ್ದು ಯಾರೂ ಸತ್ತಿಲ್ಲ — ಹಿಂದೆಯೇ ಇದ್ದಳಲ್ಲ ಅವಳು, ಮೂವತ್ತನಾಲ್ಕು ವರ್ಷ, ಸತ್ತಿಲ್ಲ, ನಿಜ. ಐವತ್ತೇಳನೇ ವಯಸ್ಸಿಗೆ ಗೇರು ಹಾಕುವುದನ್ನು ಕಲಿತವಳು, ಸ್ಟೀರಿಂಗನ್ನು ಎಳೆಮಗುವಿನ ತಲೆಯ ಹಾಗೆ ಹಿಡಿಯುತ್ತಿದ್ದವಳು, ಈಗ ನೋಡು, ಒಂದು ಕೈಯಲ್ಲಿ ಓಡಿಸುತ್ತ ಇನ್ನೊಂದು ಕೈಯಲ್ಲಿ ಅವರ ಕಡೆಯ ಬಿಸಿಲುತಡೆ ಕೆಳಗಿಳಿಸುತ್ತಾಳೆ, ಪಕ್ಕದ ಸೀಟಿನಲ್ಲಿ ಗಂಡ, ಕಪ್ಪು ಕನ್ನಡಕ, ಮಡಿಲಲ್ಲಿ ಕೈ, ಮುಖ ನೇರ ಮುಂದಕ್ಕೆ, ನೋಡಿದವರು ರಸ್ತೆ ನೋಡುತ್ತಿದ್ದಾರೆ ಅಂದುಕೊಳ್ಳಬೇಕು, ಎಡಗಣ್ಣು ಪೂರ್ತಿ ಹೋಗಿ ಎರಡು ವರ್ಷವಾಯಿತು, ಬಲಗಣ್ಣಿನಲ್ಲಿ ಮಸುಕು ಗಾಜಿನಾಚೆ ಯಾರೋ ಓಡಾಡಿದಷ್ಟು ಬೆಳಕು, ಗ್ಲೂಕೋಮಾ ಅಂದ್ರೆ ಕಳ್ಳ ಇದ್ದ ಹಾಗೆ ಅಮ್ಮಾ ಅಂದಿದ್ದರು ಕಣ್ಣಿನ ಡಾಕ್ಟರು, ಅಂಚಿನಿಂದ ಸದ್ದಿಲ್ಲದೆ ಕದೀತಾ ಬರುತ್ತೆ, ಮನೆಯವರಿಗೆ ಗೊತ್ತಾಗೋ ಹೊತ್ತಿಗೆ ಮನೆ ಖಾಲಿ. ಹೊರಟದ್ದು ಅವರ ಮಾತಿಗೇ. ಏಳು ವಾರದ ಹಿಂದೆ ಒಂದು ಬೆಳಿಗ್ಗೆ, ಕಣ್ಣಿಗೆ ಹನಿ ಹಾಕಿಸಿಕೊಳ್ಳಲು ಕುತ್ತಿಗೆ ಹಿಂದಕ್ಕೆ ಚೆಲ್ಲಿ ಕೂತವರು ಹಾಗೇ ಚಾವಣಿಗೆ ಹೇಳಿದ ಹಾಗೆ ಹೇಳಿದರು, ಟೀಚರ್, ಆ ಹಳೇ ಗುಡಿಗಳನ್ನ ನೋಡಬೇಕು ಅಂತಿದ್ಯಲ್ಲ, ಹೋಗಿ ಬರೋಣ, ಪೂರ್ತಿ ಕತ್ತಲಾಗೋಕೆ ಮುಂಚೆ. ಹನಿ ಗುರಿ ತಪ್ಪಿ ಕೆನ್ನೆಗೆ ಬಿತ್ತು. ಮದುವೆಯಾದ ಮೊದಲ ವರ್ಷದಿಂದ ಕೇಳಿದ್ದಳು, ಒಂದು ದಿನದ ದಾರಿ, ಬೆಳಿಗ್ಗೆ ಹೊರಟರೆ ಸಂಜೆಗೆ ಮನೆ, ಆಗೆಲ್ಲ ಒಂದೇ ಉತ್ತರ, ರಜೆ ಎಲ್ಲಿದೆ, ಕಲ್ಲು ನೋಡೋಕೆ ಅಷ್ಟು ದೂರ ಹೋಗಬೇಕಾ, ಸರ್ವೆಯವನಿಗೆ ದಿನಾ ಕಲ್ಲು ನೋಡೋದೇ ಕೆಲಸ, ರಜೆಯಲ್ಲೂ ಕಲ್ಲೇನಾ.

ಮತ್ತೆ ಅವಳ ಕೆಲಸವೇನು, ಆ ಕಲ್ಲನ್ನೇ ಪಾಠ ಮಾಡುವುದು, ಎಂಟನೇ ತರಗತಿ ಚರಿತ್ರೆ, ಪುಟ ನಲವತ್ತೆರಡು, ಗುಡಿಯ ಚಿತ್ರ ಅಂತ ಹೇಳಿದರೆ ನಂಬಬೇಕು, ಇದ್ದಿಲ ರಾಶಿಗೆ ಯಾರೋ ಬಾಗಿಲು ಕೊರೆದ ಹಾಗಿತ್ತು, ಮೂವತ್ತೊಂದು ವರ್ಷ ಆ ಇದ್ದಿಲ ರಾಶಿಯ ಮೇಲೆ ಬೆರಳಿಟ್ಟು ಹೇಳಿದ್ದಾಳೆ, ಇದು ಮಂಟಪ, ಇದು ಗರ್ಭಗುಡಿ, ಇದು ಹೊರಗೋಡೆ, ಒಬ್ಬಳು ಜಾಣೆ ಎದ್ದು ನಿಂತು ಕೇಳಿದ್ದಳು, ಮಿಸ್, ನೀವು ನೋಡಿದ್ದೀರಾ, ನೋಡಿದ್ದೀನಿ ಕೂತ್ಕೋ ಅಂದಿದ್ದಳು, ನಾಲಿಗೆಗೆ ಎಲುಬಿಲ್ಲ. ಇವತ್ತು ಬೆಳಿಗ್ಗೆ ಆ ಮೊದಲನೇ ಗುಡಿ ಕೊನೆಗೂ ಕಣ್ಣೆದುರಿಗೆ ಬಂದಾಗ ಏನು ಮಾಡಿದಳು, ಚಿಕ್ಕ ಹುಡುಗಿಯ ಹಾಗೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು, ಇದ್ದಿಲಲ್ಲ, ಇದ್ದಿಲೇ ಅಲ್ಲ, ಜೇನಿನ ಬಣ್ಣ, ಬಿಸಿಲು ಬಿದ್ದ ಕಡೆ ಬೆಚ್ಚಗೆ, ನೆರಳಿದ್ದ ಕಡೆ ಬೆಕ್ಕಿನ ಮೂಗಿನ ಹಾಗೆ ತಣ್ಣಗೆ, ಕಂಬವೊಂದಕ್ಕೆ ಕೆನ್ನೆ ಕೊಟ್ಟು ನಿಂತಳು, ಸುತ್ತ ಜನ, ಮೊಬೈಲು ಮೇಲೆತ್ತಿದ ಕೈಗಳು, ಯಾರ ಹೆಂಡತಿಯೋ ಯಾರಿಗೋ ಗದರುತ್ತಿದ್ದಳು, ಈ ಕಡೆ ನೋಡ್ರೀ ಅಂತ, ಅವಳಿಗೂ ಗದರಬೇಕೆನಿಸಿತು ಯಾರಿಗಾದರೂ. ಅವರು ಒಳಗೆ ಬರಲಿಲ್ಲ. ಮೆಟ್ಟಿಲ ಮೇಲೆ ನೆರಳು ಹುಡುಕಿ ಕೂತರು, ನೀನು ನೋಡ್ಕೊಂಡು ಬಾ, ನನಗೇನು ಕಾಣುತ್ತೆ ಅದರಲ್ಲಿ, ನಿಧಾನಕ್ಕೆ ಬಾ. ಪಾಪ ಅನ್ನಿಸಿತು ಅವಳಿಗೆ. ಈಗ ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತದೆ, ಪಾಪ ಅನ್ನಿಸಿತ್ತಲ್ಲ, ತನಗೋಸ್ಕರ ಬಂದಿದ್ದಾರೆ, ಕಾಣದಿದ್ದರೂ ಬಂದಿದ್ದಾರೆ, ಮನುಷ್ಯ ಕೊನೆಗಾಲಕ್ಕಾದರೂ ಬದಲಾಗುತ್ತಾನೆ, ಮಗಳಿಗೆ ಅಲ್ಲಿಂದಲೇ ಫೋನು ಮಾಡಿದಳು, ನಿಮ್ಮಪ್ಪ ಕರ್ಕೊಂಡು ಬಂದಿದಾರೆ ಕಣೇ, ಅವರೇ ಹೇಳಿದ್ದು, ನಾನು ಬಾಯಿ ಬಿಟ್ಟಿಲ್ಲ, ಮಗಳು ನಕ್ಕಳು, ಕರ್ಕೊಂಡು ಹೋಗಿರೋದು ನೀನಮ್ಮ, ಸ್ಟೀರಿಂಗ್ ಯಾರ ಕೈಲಿದೆ.

ಹೊರಗೆ ಬಂದಾಗ ಅವರು ಎದ್ದು ನಿಂತೇ ಇದ್ದರು, ಆಯ್ತಾ, ಆಯ್ತು, ಹಾಗಾದ್ರೆ ಇನ್ನೊಂದಿದೆ, ಚಿಕ್ಕದು, ಯಾರೂ ಹೋಗಲ್ಲ ಅಲ್ಲಿಗೆ, ಅದನ್ನೂ ನೋಡಿಬಿಡೋಣ. ನಿಮಗೆ ಹೇಗೆ ಗೊತ್ತು. ಆಫೀಸಲ್ಲಿ ಯಾರೋ ಹೇಳ್ತಿದ್ರು. ಫೋನಿನಲ್ಲಿ ಹುಡುಕಿದಳು, ಸಿಗ್ನಲ್ಲಿಲ್ಲ, ಸಿಕ್ಕಾಗಲೂ ಅವರು ಹೇಳಿದ ಹೆಸರಿನ ಗುಡಿಯೇ ಇಲ್ಲ, ಅವರು ಬೆಲ್ಟು ಎಳೆದುಕೊಂಡು ಸೀಟಿಗೆ ಒರಗಿದರು, ನಡಿ, ಸಿಗುತ್ತೆ. ನಡಿ ಅಂದರೆ ನಡೆದಳು. ಸ್ವಲ್ಪ ದೂರ ಆದ ಮೇಲೆ ಒಂದು ಪೆಟ್ರೋಲ್ ಬಂಕ್ ಸಿಗುತ್ತೆ ಅಂದರು, ಸಿಕ್ಕಿತು. ಅದರ ಪಕ್ಕದಲ್ಲಿ ಚಹಾ ಅಂಗಡಿ, ಕಬ್ಬಿಣದ ಬೆಂಚು, ಅಂದರು, ಚಹಾ ಅಂಗಡಿ ಇತ್ತು, ಬೆಂಚಿರಲಿಲ್ಲ, ಕೆಂಪು ಪ್ಲಾಸ್ಟಿಕ್ ಕುರ್ಚಿಗಳಿದ್ದವು. ಈಗ ರಸ್ತೆ ಕಿರಿದಾಗುತ್ತೆ, ಕಿರಿದಾಯಿತು. ಸಣ್ಣ ಸೇತುವೆ ಬರುತ್ತೆ, ಬಲಗಡೆ ಅಂಚಿನ ಕಟಾಂಜನ ಮುರಿದಿದೆ, ದಾಟಿದ ತಕ್ಷಣ ಎಡಕ್ಕೆ ಮಣ್ಣುದಾರಿ, ನಿಧಾನ, ತಪ್ಪಿಸಿಬಿಡ್ತೀಯ, ಬೇಗ ಕಾಣಲ್ಲ ಅದು. ಕಾಣಲ್ಲ ಅನ್ನುತ್ತಿರುವವರು ಯಾರು, ಐದು ಬೆರಳು ಮುಖದೆದುರು ಹಿಡಿದರೆ ಎಷ್ಟು ಅಂತ ಹೇಳಲಾರದವರು, ಹಾಲಿನ ಲೋಟ ಮೇಜಿನ ಮೇಲೆ ಎಲ್ಲಿದೆ ಅಂತ ತಡಕುವವರು, ಇಲ್ಲಿ ನೋಡು, ಸೇತುವೆ, ಬಲಗಡೆಯ ಕಟಾಂಜನ ಹೊಸದಾಗಿ ಕಟ್ಟಿ ಬಣ್ಣ ಬಳಿದಿದ್ದಾರೆ, ಹಳೆಯದರ ಮುರುಕು ಕೆಳಗೆ ಹಳ್ಳದಲ್ಲಿ ಬಿದ್ದಿದೆ, ಎಡಕ್ಕೆ ಮಣ್ಣುದಾರಿ, ನಿಜಕ್ಕೂ ಬೇಗ ಕಾಣುವುದಿಲ್ಲ — ರೀ, ನೀವು ಇಲ್ಲಿಗೆ ಬಂದಿದ್ರಾ. ಇಲ್ಲಪ್ಪ. ಅಷ್ಟು ಕರಾರುವಾಕ್ಕಾಗಿ ಹೇಳ್ತಿದ್ದೀರಿ. ಸರ್ವೆಯವನಲ್ವೇನೇ, ಒಂದು ಸಲ ನಕ್ಷೆ ನೋಡಿದ್ರೆ ಸಾಕು. ಮುರಿದ ಕಟಾಂಜನ ಯಾವ ನಕ್ಷೆಯಲ್ಲಿರುತ್ತದೆ, ಕಬ್ಬಿಣದ ಬೆಂಚಿಗೆ ಯಾವ ಸರ್ವೆ ನಂಬರು, ಕೇಳಲಿಲ್ಲ ಅವಳು, ಕೇಳುವುದನ್ನು ಬಿಟ್ಟು ಎಷ್ಟು ಕಾಲವಾಯಿತು, ಗೇರು ಇಳಿಸಿದಳು, ಮಣ್ಣುದಾರಿಯ ಗುಂಡಿಗೆ ಕಾರು ಓಲಾಡಿತು, ಅವರು ಒಂದೊಂದು ಓಲಾಟಕ್ಕೂ ಮುಂಚೆಯೇ ಬಾಗಿಲಿನ ಹಿಡಿ ಹಿಡಿಯುತ್ತಿದ್ದರು.

ಗುಡಿ ಅಂದರೆ ಒಂದು ಮಟ್ಟಸ ಬಯಲು, ನಡುವೆ ನಕ್ಷತ್ರದ ಹಾಗೆ ಮೂಲೆ ಮೂಲೆಯಾಗಿ ಚಾಚಿಕೊಂಡ ಜಗಲಿ, ಅದರ ಮೇಲೆ ಗಿಡ್ಡನೆಯ ಕಲ್ಲುಕಟ್ಟಡ, ಸುತ್ತ ತಂತಿಬೇಲಿ, ಗೇಟಿನ ಪಕ್ಕ ಇಲಾಖೆಯ ನೀಲಿ ಬೋರ್ಡು, ಒಂದು ತಗಡಿನ ಗೂಡು, ಅದರಲ್ಲಿ ಕಾವಲುಗಾರ. ಹನ್ನೆರಡು ಗಂಟೆಯ ಹನಿ ಹಾಕುವ ಹೊತ್ತು. ಕಾರಿನಲ್ಲೇ ಹಾಕಿದಳು, ಹನಿ ಬಿದ್ದ ಮೇಲೆ ಐದು ನಿಮಿಷ ಕಣ್ಣು ಮುಚ್ಚಿಕೊಂಡಿರಬೇಕು, ನೀನು ಹೋಗಿರು, ಬರ್ತೀನಿ ಅಂದರು, ಕಣ್ಣು ಮುಚ್ಚಿ ತಲೆ ಒರಗಿಸಿದ ಅವರ ಮುಖದಲ್ಲಿ ಏನಿತ್ತು, ಪರೀಕ್ಷೆಯ ಕೋಣೆಯ ಹೊರಗೆ ನಿಂತ ಮಕ್ಕಳ ಮುಖದಲ್ಲಿರುತ್ತದಲ್ಲ, ಅದು. ಕಾವಲುಗಾರ ಮುದುಕ, ಅವನ ಕಣ್ಣಲ್ಲೂ ಪೊರೆ, ಗೂಡಿನಿಂದ ಕತ್ತು ಚಾಚಿ ಕಾರನ್ನು ನೋಡಿದ, ಅವಳನ್ನು ನೋಡಿದ, ಎದ್ದು ನಿಂತ. ಸರ್ವೆ ಸಾರ್ ಅಲ್ವಾ ಅದು, ಅಮ್ಮಾ, ಎಷ್ಟು ವರ್ಷ ಆಗೋಯ್ತು ನೀವಿಬ್ರೂ ಬಂದು. ಅವಳ ಕಾಲ ಕೆಳಗಿನ ಜಲ್ಲಿಕಲ್ಲು ಒಂದು ಸರಿದ ಸದ್ದು ಅವಳಿಗೇ ಕೇಳಿಸಿತು. ನಿಮ್ಮ ಗುರುತೇ ಸಿಗಲಿಲ್ಲ ನೋಡಿ, ಸ್ವಲ್ಪ ದಪ್ಪ ಆಗಿದ್ದೀರಿ, ಆಗ ಎತ್ತರಕ್ಕೆ ಕಾಣ್ತಿದ್ರಿ, ಕುಗ್ಗಿಬಿಟ್ರಿ. ಅಲ್ಲ ಅನ್ನಬಹುದಿತ್ತು, ನಾನಲ್ಲಪ್ಪ, ತಪ್ಪು ತಿಳಿದಿದ್ದೀಯ, ಎರಡೇ ಮಾತು, ಅದರ ಬದಲು ಅವಳ ಬಾಯಿಂದ ಬಂದದ್ದು, ವಯಸ್ಸಾಯ್ತಲ್ಲ. ಹೌದು ಅಮ್ಮಾ, ವಯಸ್ಸು ಯಾರನ್ನ ಬಿಡುತ್ತೆ, ಈಗ ಚಿತ್ರ ಬರೆಯೋದು ಬಿಟ್ಬಿಟ್ರಾ, ಪ್ರತಿ ಸಲ ಬಂದಾಗ್ಲೂ ಪೆನ್ಸಿಲ್ಲು ಹಿಡ್ಕೊಂಡು ಆ ಹಿಂದಿನ ಗೋಡೆ ಹತ್ರ ಕೂತ್ರೆ ಏಳ್ತಿರಲಿಲ್ಲ ನೀವು, ಸಾರ್ ಕೊಡೆ ಹಿಡ್ಕೊಂಡು ಪಕ್ಕದಲ್ಲೇ ನಿಂತಿರ್ತಿದ್ರು. ಕೈ ನಡುಗುತ್ತೆ ಈಗ, ಅಂದಳು. ನನ್ನ ಮಗಳ ಮುಖ ಬರೆದುಕೊಟ್ಟಿದ್ರಿ ಒಂದ್ಸಲ, ಇನ್ನೂ ಇದೆ ಮನೇಲಿ, ಈಗ ಅವಳಿಗೇ ಎರಡು ಮಕ್ಕಳು. ಚೆನ್ನಾಗಿದಾಳಾ. ಚೆನ್ನಾಗಿದಾಳಮ್ಮ, ನಮ್ಮ ಮನೆಯವಳಿಗೆ ನಾನು ಹೇಳ್ತಿದ್ದೆ ಯಾವಾಗಲೂ, ಗಂಡಹೆಂಡ್ತಿ ಅಂದ್ರೆ ಹಾಗಿರಬೇಕು ನೋಡು, ಒಂದು ಜೋರು ಮಾತಿಲ್ಲ, ಒಂದು ಮುನಿಸಿಲ್ಲ, ಬರೀ ಒಬ್ಬರ ಪಕ್ಕ ಒಬ್ಬರು ಕೂತಿರೋದು.

ಕೊಡೆ ಹಿಡಿದು. ಅವರು. ಅವಳ ನೆತ್ತಿಯ ಮೇಲೆ ಯಾವತ್ತು ಕೊಡೆ ಹಿಡಿದಿದ್ದರು, ಆಸ್ಪತ್ರೆಯಿಂದ ಮಗಳನ್ನೆತ್ತಿಕೊಂಡು ಬರುವ ದಿನವೂ ಕೊಡೆ ಅವಳ ಕೈಯಲ್ಲೇ ಇತ್ತು, ಮಗುವಿನ ಮೇಲೆ ಹಿಡಿದು ತಾನು ನೆನೆದು ಬಂದಿದ್ದಳು, ಪೆನ್ಸಿಲ್ಲು ಅಂದನಲ್ಲ ಮುದುಕ, ಪೆನ್ಸಿಲ್ಲು ಹಿಡಿಯುವವಳು ಅವರ ಆಫೀಸಿನಲ್ಲಿ ಒಬ್ಬಳೇ, ಟ್ರೇಸರ್, ನಕ್ಷೆಗಳ ಮೇಲೆ ಪಾರದರ್ಶಕ ಹಾಳೆ ಹಾಸಿ ಗೆರೆ ಎಳೆಯುವುದು ಆಕೆಯ ಕೆಲಸ, ಎತ್ತರದ ಹೆಂಗಸು, ಹೌದು, ಬಾಗಿಲಲ್ಲಿ ತಲೆ ತಗ್ಗಿಸಿ ಬರುವಷ್ಟು, ಕನ್ನಡಕಕ್ಕೆ ದಾರ, ಉಗುರಿನಂಚಿಗೆ ಯಾವಾಗಲೂ ಶಾಯಿ, ಮದುವೆಯಾಗಿರಲಿಲ್ಲ, ಎರಡೋ ಮೂರೋ ಸಲ ಮನೆಗೆ ಬಂದಿದ್ದಳು, ಅಕ್ಕಾ ಅಂತಿದ್ದಳು ಅವಳನ್ನು, ನಿಮ್ಮ ಕೈ ಅಡುಗೆ ರುಚಿ ಅಕ್ಕಾ, ಅಡುಗೆಮನೆಯ ತನಕ ಬಂದು ತಟ್ಟೆ ತೊಳೆದಿಟ್ಟು ಹೋಗಿದ್ದಳು ಪುಣ್ಯಾತ್ಗಿತ್ತಿ. ಎರಡು ತಿಂಗಳ ಹಿಂದೆ ತೀರಿಕೊಂಡಳು. ಬೆಳಿಗ್ಗೆ ಫೋನು ಬಂದಿತ್ತು, ಯಾರು ಅಂದದ್ದಕ್ಕೆ ಆಫೀಸಿನವರು ಒಬ್ರು ಹೋದ್ರಂತೆ ಅಂದರು, ಯಾರು ಅಂದದ್ದಕ್ಕೆ ನಿನಗೆ ಗೊತ್ತಿಲ್ಲ ಅಂದರು, ಮಗಳು ಎಲ್ಲೋ ಕೇಳಿ ಹೇಳಿದ ಮೇಲೆ ಹೋದದ್ದು ಇವಳೇ ಅಂತ ತಿಳಿದದ್ದು, ಗೊತ್ತಿಲ್ಲ ಅಂದ್ರಲ್ಲ ಅಂತ ಕೇಳಿದರೆ ಮರೆತಿರ್ತೀಯ ಅಂದ್ಕೊಂಡೆ, ಅಷ್ಟೇ, ಅದಾದ ಹತ್ತೇ ದಿನಕ್ಕೆ, ಟೀಚರ್, ಆ ಹಳೇ ಗುಡಿಗಳನ್ನ ನೋಡಬೇಕು ಅಂತಿದ್ಯಲ್ಲ. ಮತ್ತೆ ಆ ಕ್ಯಾಂಪುಗಳು, ವರ್ಷಕ್ಕೆ ಹತ್ತು ದಿನ ಸರ್ವೆ ಕ್ಯಾಂಪು, ಎಷ್ಟು ದಿನ ಕ್ಯಾಂಪೋ ಎಷ್ಟು ದಿನ ಇದೋ, ಪೆಟ್ಟಿಗೆ ತುಂಬುತ್ತಿದ್ದವಳು ಅವಳೇ, ಇಸ್ತ್ರಿ ಮಾಡಿದ ಅಂಗಿ, ಟಾರ್ಚು, ಸೋಪು, ಮಡಿಸುವ ಕೊಡೆ, ಹೌದು ಕೊಡೆ, ಬಿಸಿಲಲ್ಲಿ ನಿಂತು ಕೆಲಸ ಮಾಡುವ ಮನುಷ್ಯ ಅಂತ ಅವಳೇ ಇಡುತ್ತಿದ್ದಳು, ಅತ್ತೆ ಹಾಸಿಗೆ ಹಿಡಿದ ಮೂರು ವರ್ಷವೂ ಕ್ಯಾಂಪು ತಪ್ಪಲಿಲ್ಲ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ, ಅವಳೊಬ್ಬಳೇ ಬದಲಿಸುತ್ತಿದ್ದಳು, ನಿಮ್ಮ ಮಗ ಯಾವಾಗ ಬರ್ತಾರೆ ಅತ್ತೆ ಅಂತ ತಮಾಷೆ ಮಾಡುತ್ತಿದ್ದಳು, ಮುದುಕಿ ನಗುತ್ತಿದ್ದರು ಬಾಯಿ ಸೊಟ್ಟ ಮಾಡಿ. ಇದಕ್ಕಿಂತ ದೊಡ್ಡದು ಇನ್ನೊಂದಿದೆ, ಅದನ್ನು ನೆನೆಯಬಾರದು, ನೆನೆದಳು. ಕ್ಯಾಂಪು ಮುಗಿಸಿ ಬಂದ ಮೇಲೆ ಒಂದು ತಿಂಗಳು ಆ ಮನುಷ್ಯ ಬಂಗಾರ. ಕಪ್ಪಗಾಗಿ ಬರುತ್ತಿದ್ದರು, ನಗುತ್ತ ಬರುತ್ತಿದ್ದರು, ಮಗಳನ್ನು ಹೆಗಲೇರಿಸಿಕೊಳ್ಳುತ್ತಿದ್ದರು, ಅವಳ ಪಕ್ಕ ನಿಂತು ಈರುಳ್ಳಿ ಹೆಚ್ಚಿಕೊಡುತ್ತಿದ್ದರು, ಅವಳು ಆ ತಿಂಗಳಿಗೆ ಕಾಯುತ್ತಿದ್ದಳು, ವರ್ಷವಿಡೀ, ಕ್ಯಾಂಪು ಯಾವಾಗ ಬರುತ್ತೋ ಅಂತ ಅವಳೇ ಕ್ಯಾಲೆಂಡರು ನೋಡುತ್ತಿದ್ದಳು. ಯಾರದೋ ಎಲೆಯಲ್ಲಿ ಮಿಕ್ಕಿದ್ದನ್ನು ಹಬ್ಬದೂಟ ಅಂದುಕೊಂಡು ಉಂಡಿದ್ದಾಳೆ, ಉಂಡು ಬೆರಳೂ ನೆಕ್ಕಿದ್ದಾಳೆ.

ಕಾರಿನ ಬಾಗಿಲು ತೆರೆದ ಸದ್ದಾಯಿತು, ಅವರು ಇಳಿದು ನಿಂತು ಕೈ ಚಾಚಿದರು, ಅವಳು ಹೋಗಿ ಮೊಣಕೈ ಕೊಟ್ಟಳು, ಕೊಟ್ಟಳಲ್ಲ, ಅಭ್ಯಾಸ ಅನ್ನುವುದು ಎಂಥ ನಾಯಿ, ಹೊಡೆದರೂ ಬಾಲ ಆಡಿಸುತ್ತದೆ. ಮುದುಕ ಅಷ್ಟಗಲ ನಗುತ್ತ ಎದುರಿಗೆ ಬಂದ, ನಮಸ್ಕಾರ ಸಾರ್, ನಾನು ಸಾರ್. ಅವಳ ಮೊಣಕೈ ಮೇಲಿನ ಬೆರಳುಗಳು ಒಮ್ಮೆ ಬಿಗಿಯಾದವು. ಯಾರಪ್ಪಾ, ಅಂದರು, ನನಗೆ ಕಣ್ಣು ಕಾಣಲ್ಲ, ಯಾರೋ ಅಂದ್ಕೊಂಡಿರಬೇಕು ನೀನು, ನಾವು ಇದೇ ಮೊದಲನೇ ಸಲ ಬರ್ತಿರೋದು. ಮುದುಕ ಅವಳ ಮುಖ ನೋಡಿದ. ಈಗಷ್ಟೇ ಮಗಳ ವಿಷಯ ಕೇಳಿದ ಹೆಂಗಸಿನ ಮುಖವನ್ನು, ಅವಳು ಬೋರ್ಡಿನ ಕಡೆ ತಿರುಗಿಕೊಂಡಳು, ಈ ಸ್ಮಾರಕಕ್ಕೆ ಹಾನಿ ಮಾಡಿದವರು ಶಿಕ್ಷಾರ್ಹರು, ಮುದುಕನ ನಗು ಒಂದೊಂದೇ ಸುಕ್ಕಾಗಿ ಕಳಚಿತು, ಇರಬಹುದು ಸಾರ್, ತಪ್ಪಾಯ್ತು, ಅಂದು ತಗಡಿನ ಗೂಡಿಗೆ ವಾಪಸು ಹೋಗಿ ಕೂತ, ಅಷ್ಟು ವರ್ಷ ಗೇಟು ತೆಗೆದವನನ್ನು ಒಂದೇ ಮಾತಲ್ಲಿ ಆಚೆ ಹಾಕಿದರಲ್ಲ, ಇನ್ನು ಅವಳದ್ಯಾವ ಲೆಕ್ಕ. ಬೇಲಿಯೊಳಗಿನ ಹಳೆಯ ಸುತ್ತುಗೋಡೆಯಲ್ಲೊಂದು ಗಿಡ್ಡನೆಯ ದಿಡ್ಡಿಬಾಗಿಲು, ಅದರ ಹತ್ತಿರ ಬಂದ ಕೂಡಲೇ, ತಲೆ ಬಗ್ಗಿಸು, ಅಂದರು, ಮೆತ್ತಗೆ, ಅವಳು ಮೂವತ್ತನಾಲ್ಕು ವರ್ಷದಲ್ಲಿ ಕೇಳಿಯೇ ಇರದ ಒಂದು ದನಿಯಲ್ಲಿ. ಬಾಗಿಲ ಮೇಲಿನ ಕಲ್ಲಿಗೂ ಅವಳ ನೆತ್ತಿಗೂ ನಡುವೆ ಇನ್ನೂ ಒಂದು ಗೇಣು ಜಾಗವಿತ್ತು. ಅವಳು ಕುಳ್ಳಿ. ಆ ದನಿ ಎತ್ತರದವಳದು.

ಹಿಂದಿನ ಗೋಡೆಗೆ ಕರ್ಕೊಂಡು ಹೋಗು ಅಂದರು, ಬಾಗಿಲಿನಿಂದ ಬಲಕ್ಕೆ ಸುತ್ತು, ಜಗಲಿ ಮೂಲೆ ಎಣಿಸ್ತಾ ಬಾ, ಏಳನೇ ಮೂಲೆ. ಏನಿದೆ ಅಲ್ಲಿ. ಕೆಳಗಿನ ಸಾಲಲ್ಲಿ ಒಬ್ಬ ಹೆಂಗಸಿನ ಮೂರ್ತಿ ಇದೆಯಂತೆ, ಒಂಟಿ ಕಾಲಲ್ಲಿ ನಿಂತು ಇನ್ನೊಂದು ಪಾದದ ಮುಳ್ಳು ತೆಗೀತಿರೋದು, ಸೊಂಟದ ಎತ್ತರಕ್ಕೆ, ಕೈಗೆ ಸಿಗುತ್ತೆ, ನೋಡೋಕಂತೂ ಆಗಲ್ಲ, ಮುಟ್ಟಿ ನೋಡ್ತೀನಿ. ಅವಳ ಹೆಜ್ಜೆ ಅಲ್ಲೇ ನಿಂತಿತು, ಏನಾಯ್ತು, ಏನಿಲ್ಲ, ಕಾಲು ಎಡವಿತು. ಮುಳ್ಳು ತೆಗೆಯುವ ಹೆಂಗಸು ಅವಳಿಗೆ ಗೊತ್ತು. ಮನೆಯ ಹಾಲಿನಲ್ಲಿ, ಸೋಫಾದ ಮೇಲೆ, ಗಾಜು ಹಾಕಿಸಿದ ಪೆನ್ಸಿಲ್ ಚಿತ್ರ, ಟ್ರೇಸರ್ ಕೊಟ್ಟದ್ದು, ಹೊಸ ಮನೆಗೆ ಬಂದ ವರ್ಷ, ಅಕ್ಕಾ ನಿಮಗೆ ಅಂತ ಬರೆದೆ, ಅಂದಿದ್ದಳು, ಯಾವುದೋ ಪುಸ್ತಕ ನೋಡಿ ಬರೆದಿರಬೇಕು ಅಂದುಕೊಂಡು ಎಷ್ಟು ಚೆನ್ನಾಗಿದೆ ಅಂತ ಹೊಗಳಿದ್ದಳು, ಮೊಳೆ ಹೊಡೆದವರು ಅವರು, ಸ್ವಲ್ಪ ಎಡಕ್ಕೆ, ಸ್ವಲ್ಪ ಮೇಲಕ್ಕೆ ಅಂತ ಹೇಳಿದವಳು ಅವಳು, ಹತ್ತೊಂಬತ್ತು ವರ್ಷ, ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಆ ಗಾಜು ಒರೆಸಿದ್ದಾಳೆ, ಕಣ್ಣು ಹೋಗುವ ತನಕ ಅವರು ಪೇಪರು ಓದುವ ಕುರ್ಚಿ ಅದರ ಎದುರಿಗೇ ಇತ್ತು. ಒಂದು, ಅಂದಳು. ಅವರ ಕಾಲು ಜಗಲಿಯ ಅಂಚನ್ನು ತಡಕುತ್ತ ಬರುತ್ತಿತ್ತು. ಎರಡು. ಇಲ್ಲಿ ಬಿಸಿಲು. ಮೂರು, ಒಂದು ಅವಕಾಶ ಕೊಡುತ್ತೇನೆ ಅಂದುಕೊಂಡಳು, ಒಂದೇ, ಕಟುಕ ಕೂಡ ಕೊಡುತ್ತಾನೆ. ರೀ, ಯಾರು ಹೇಳಿದ್ದು ಈ ಮೂರ್ತಿ ವಿಷಯ. ಹೇಳಿದ್ನಲ್ಲ, ಯಾರೋ. ಯಾರೋ ಅಂದ್ರೆ. ಯಾರೋ ಆಫೀಸಿನವರು, ನೆನಪಿಲ್ಲ ಈಗ. ನಾಲ್ಕು. ಸತ್ತು ಎರಡೇ ತಿಂಗಳು ಆಕೆ, ಯಾರೋ ಆಗಿಬಿಟ್ಟಳು, ಹೆಸರು ಹೇಳಿದ್ದರೆ, ಬರೀ ಹೆಸರು, ಅವಳು ಏನು ಮಾಡುತ್ತಿದ್ದಳೋ, ಅಳುತ್ತಿದ್ದಳೋ, ಬೈಯುತ್ತಿದ್ದಳೋ, ಆದರೆ ಕೈಹಿಡಿದು ಸರಿಯಾದ ಜಾಗಕ್ಕೆ ಕರೆದೊಯ್ಯುತ್ತಿದ್ದಳು, ಅಷ್ಟು ಅವಳಿಗೆ ಗೊತ್ತು ತನ್ನ ಬಗ್ಗೆ. ಐದು. ಗೋಡೆಯಲ್ಲಿ ಆನೆಗಳ ಸಾಲು, ಸೊಂಡಿಲು ಸವೆದವು. ಆರನೆಯ ಮೂಲೆಯಲ್ಲಿ ಮೂರ್ತಿಯಿರಲಿಲ್ಲ, ಯಾವಾಗಲೋ ಒಡೆದದ್ದನ್ನು ಕಿತ್ತು ಇಲಾಖೆಯವರು ಬೋಳುಗಲ್ಲು ಕೂರಿಸಿದ್ದರು, ಹೊಸದು, ನುಣ್ಣಗೆ, ಅಂಚಿಗೆ ಸಿಮೆಂಟು. ಅದರಾಚೆ, ಒಂದು ಮಾರು ದೂರದಲ್ಲಿ, ಏಳನೆಯದರಲ್ಲಿ, ಆ ಹೆಂಗಸು ಇದ್ದಳು. ಇಡಿಯಾಗಿ ಇದ್ದಳು. ಬಗ್ಗಿದ ಕತ್ತು, ಮಂಡಿಯ ಮೇಲೆ ಏರಿಸಿಟ್ಟ ಪಾದ, ಎರಡು ಬೆರಳ ನಡುವೆ ಕಲ್ಲಿನ ಮುಳ್ಳು, ಚಿತ್ರದಲ್ಲಿದ್ದದ್ದಕ್ಕಿಂತ ಎಷ್ಟೋ ಚೆನ್ನಾಗಿದ್ದಳು, ಯಾರೋ ಮುಟ್ಟಿ ಮುಟ್ಟಿ ಆ ಪಾದ ಮಾತ್ರ ಕಪ್ಪಗೆ ಮಿರುಗುತ್ತಿತ್ತು. ಅವಳು ಆರನೆಯದರೆದುರು ನಿಂತಳು. ಏಳು, ಅಂದಳು.

ಅವರು ಅವಳ ಮೊಣಕೈ ಬಿಟ್ಟರು. ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡರು, ಯಾಕೆ, ಏನು ಕಾಣಬೇಕಿತ್ತು ಅವರಿಗೆ, ಎರಡೂ ಕೈ ಮುಂದೆ ಮಾಡಿ ಗೋಡೆ ಮುಟ್ಟಿದರು, ಅಂಗೈ ಪೂರ್ತಿ ಕಲ್ಲಿಗಿಟ್ಟರು, ಮೇಲಕ್ಕೆ, ಕೆಳಕ್ಕೆ, ಅಡ್ಡಕ್ಕೆ, ಬೋಳು, ಎಲ್ಲಾ ಕಡೆ ಬೋಳು, ಬೆರಳುಗಳು ಸಿಮೆಂಟಿನ ಅಂಚಿಗೆ ಹೋಗಿ ನಿಂತು ವಾಪಸು ಬಂದವು. ಇಲ್ಲೇನೂ ಇಲ್ಲ, ಅಂದರು. ಹೂಂ, ಕಿತ್ತಿದಾರೆ, ಹೊಸ ಕಲ್ಲು ಕೂರಿಸಿದಾರೆ, ಒಡೆದಿತ್ತೇನೋ, ಅಂದಳು, ಪಾಠ ಹೇಳುವ ದನಿ, ಮೂವತ್ತೊಂದು ವರ್ಷ ಪಳಗಿದ ದನಿ, ಒಂದಿಷ್ಟೂ ಅಲುಗಲಿಲ್ಲ. ಸರಿಯಾಗಿ ಎಣಿಸಿದ್ಯಾ. ಎಣಿಸಿದೆ. ಏಳೇನಾ. ಏಳೇ. ಪಕ್ಕದಲ್ಲೇನಿದೆ. ಆನೆ. ಆ ಕಡೆ ಪಕ್ಕ. ಅಲ್ಲೂ ಏನಿಲ್ಲ ರೀ, ಬರೀ ಗೋಡೆ. ಅವರು ಮೊಣಕಾಲೂರಿದರು, ಅರವತ್ತೇಳರ ಮಂಡಿ, ಲಟಕ್ಕೆಂದಿತು, ಪಾದ ಕೂಡ ಇಲ್ವಾ ನೋಡು, ಕೆಳಗಡೆ, ಒಡೆದ್ರೂ ಬುಡ ಉಳಿದಿರುತ್ತೆ ಒಂದೊಂದ್ಸಲ, ಪಾದವಾದ್ರೂ, ಅವಳು ಒಂದು ಮಾರಾಚೆ ಮಿರುಗುವ ಆ ಪಾದವನ್ನು ನೋಡುತ್ತ ಹೇಳಿದಳು, ಪಾದಾನೂ ಇಲ್ಲ.

ವಾಪಸು ಹೊರಟಾಗ ಮುದುಕ ಗೇಟಿನ ಹತ್ತಿರ ಬರಲಿಲ್ಲ, ಒಳ್ಳೆಯದೇ ಆಯಿತು, ಮಣ್ಣುದಾರಿ, ಸೇತುವೆ, ಅವರು ಈಗ ಎಡಕ್ಕೆ ಅನ್ನುವುದಿಲ್ಲ, ಬಲಕ್ಕೆ ಅನ್ನುವುದಿಲ್ಲ, ಗುಂಡಿ ಬಂದರೆ ಬಾಗಿಲ ಹಿಡಿ ಹಿಡಿಯುವುದನ್ನೂ ಬಿಟ್ಟಿದ್ದಾರೆ, ಕಾರು ಎತ್ತಿ ಹಾಕಿದ ಕಡೆಗೆಲ್ಲ ಮೈ ಹೋಗುತ್ತದೆ ಮೂಟೆಯ ಹಾಗೆ, ಮೂರನೆಯದೊಂದು ಗುಡಿಯಿತ್ತು ಪಟ್ಟಿಯಲ್ಲಿ, ಅವಳು ಆಸೆಪಟ್ಟದ್ದು, ಅದಕ್ಕೆ ಹೋಗುವ ತಿರುವು ಬಂತು, ಹೋಗ್ಲಾ ಅಂದಳು, ನಿನ್ನಿಷ್ಟ ಅಂದರು, ತಿರುವು ಹಿಂದೆ ಹೋಯಿತು. ಗೆದ್ದಳಲ್ಲ, ಮನೆಗೆ ಹೋಗಿ ಹಾಲಿನ ಗೋಡೆಯ ಆ ಚಿತ್ರವನ್ನು ಏನು ಮಾಡುವುದು, ಇಳಿಸಿದರೆ ಅವರಿಗೆ ಗೊತ್ತಾಗುವುದಿಲ್ಲ, ಬಿಟ್ಟರೂ ಗೊತ್ತಾಗುವುದಿಲ್ಲ, ಒರೆಸಬೇಕಾದವಳು ಅವಳೇ, ನೋಡಬೇಕಾದವಳೂ ಅವಳೇ ಇನ್ನು, ಅವಳೊಬ್ಬಳೇ, ಮೂವರ ಪಾಲಿನದನ್ನೂ. ಟೀಚರ್, ಅಂದರು ಥಟ್ಟನೆ, ಹೇಳಿಬಿಡುತ್ತಾರೆ ಈಗ, ಅಥವಾ ಕೇಳಿಬಿಡುತ್ತಾರೆ, ಎರಡರಲ್ಲಿ ಯಾವುದಾದರೂ ಸರಿ, ಕಾರನ್ನು ಬದಿಗೆ ಹಾಕಿ ನಿಲ್ಲಿಸಲೂ ತಯಾರಾದಳು, ಹೂಂ ಅಂದಳು, ಅವರು ನಾಲ್ಕು ಗಂಟೆಯ ಹನಿ ಆಯ್ತಾ ಅಂದರು. ಇನ್ನೂ ಮೂರೂವರೆ. ಸರಿ. ಅಷ್ಟೇ. ಪಕ್ಕಕ್ಕೆ ಒಂದು ಸಲ ಕಣ್ಣು ಹಾಯಿಸಿದಳು, ಅವರ ಬಲಗೈ ಮಡಿಲಲ್ಲಿ ಬಿಚ್ಚಿಕೊಂಡು ಬಿದ್ದಿದೆ, ಅಂಗೈ ಮೇಲೆ ಕಲ್ಲಿನ ಬಿಳಿ ಹುಡಿ, ಒರೆಸಿಕೊಂಡಿಲ್ಲ, ಬೆರಳುಗಳು ತೊಡೆಯ ಮೇಲೆ ಮೆಲ್ಲಗೆ ಹರಿದಾಡುತ್ತಿವೆ, ಮೇಲಕ್ಕೆ, ಕೆಳಕ್ಕೆ, ಅಂಚಿಗೆ ಹೋಗಿ ನಿಂತು ವಾಪಸು, ರಸ್ತೆ ನೋಡಬೇಕು ಅವಳು, ಮುಂದಿದ್ದ ಲಾರಿ ಯಾವಾಗಲೋ ತಿರುಗಿ ಹೋಗಿದೆ, ರಸ್ತೆ ನೇರವಾಗಿದೆ, ಖಾಲಿಯಾಗಿದೆ, ರಸ್ತೆಯ ತುಂಬ ಆ ಬೋಳುಗಲ್ಲು, ಅದರ ಮೇಲೆ ಒಂದು ಕೈ, ಹುಡುಕುತ್ತಿದೆ, ಇನ್ನೊಂದು ಮಾರು ಚಾಚಿದರೆ ಸಾಕು, ಚಾಚುವುದಿಲ್ಲ, ಬೋಳುಗಲ್ಲಿನ ಮೇಲೆ ಒಂದು ಕೈ, ಮೇಲಕ್ಕೆ, ಕೆಳಕ್ಕೆ, ಬೋಳುಗಲ್ಲಿನ ಮೇಲೆ ಒಂದು ಕೈ.